ನೆರೆಮನೆಯ ಸುಂಕ

ನಮ್ಮ ಮನೆಗೂ ಪಕ್ಕದ ಮನೆ ಅಕ್ಕನ ಮನೆಗೂ ನಡುವೆ ಇರುವುದು ದಾಸವಾಳದ ಬೇಲಿ. ಅದರ ನಡುವೆ ಒಂದು ಉಣುಗೋಲು, ಅದಕ್ಕೆ ಮೂರು ಬಿದಿರು ಗಳ. ಮೇಲಿನ ಒಂದನ್ನು ಸರಿಸಿದರೆ ಹೆಪ್ಪಿನ ಬಟ್ಟಲು, ಕೊತ್ತಂಬರಿ ಕಟ್ಟು ದಾಟುತ್ತವೆ. ಮೂರನ್ನೂ ಸರಿಸಿದರೆ ಮನುಷ್ಯರು ದಾಟುತ್ತಾರೆ. ಮಾತಿಗಂತೂ ಯಾವ ಗಳವನ್ನೂ ಸರಿಸಬೇಕಾಗಿಲ್ಲ.

ಈ ಉಣುಗೋಲು ಆರು ತಿಂಗಳು ಸುಮ್ಮನೆ ಬಿದ್ದಿತ್ತು. ಅಕ್ಕ ಮಗಳ ಬಾಣಂತನಕ್ಕೆಂದು 2025ರ ಫೆಬ್ರವರಿಯಲ್ಲಿ ಕೆನಡಾಕ್ಕೆ ಹೋದವರು, ಆಗಸ್ಟಿನಲ್ಲಿ ಅಡಿಕೆ ತೋಟಕ್ಕೆ ಎರಡನೇ ಸಲ ಕೊಳೆ ಔಷಧಿ ಹೊಡೆಸುವ ಹೊತ್ತಿಗೆ ವಾಪಸಾದರು. ಬಂದ ಮೂರನೇ ದಿನ ಮಳೆ ಸ್ವಲ್ಪ ಹೊಳವಾದಾಗ ಬೇಲಿ ಹತ್ತಿರ ಸಿಕ್ಕಿದರು. ಮೊಮ್ಮಗುವಿನ ಬಣ್ಣ, ತೂಕ, ಯಾರ ಮೂಗು ಎಂಬುದೆಲ್ಲ ಮುಗಿದ ಮೇಲೆ ಅವರಾಗಿಯೇ ಶುರು ಮಾಡಿದರು.

"ನಾನು ಬಾಣಂತಿಗೆ ನೀರು ಕಾಯಿಸೋಕೆ ಅಂತ ಹೋದೆ ಮಾರಾಯ್ತಿ. ನೋಡಿದ್ರೆ ಎರಡು ದೇಶದ ಜಗಳ ಅಡುಗೆಮನೆ ತನಕ ಬಂದು ಕೂತಿತ್ತು."

ಮಗಳ ಮನೆ ಇರುವುದು ವಿಂಡ್ಸರ್‌ನಲ್ಲಿ. ಅಮೆರಿಕದ ಮೇಲಿರುವ ದೇಶ ಕೆನಡಾ ಎಂದು ಭೂಪಟದಲ್ಲಿ ನೋಡಿ ಅಭ್ಯಾಸವಾದ ನಮಗೆ ಈ ಊರು ಒಂದು ಆಶ್ಚರ್ಯ. ನದಿಯ ದಡದಲ್ಲಿ ನಿಂತು ಉತ್ತರಕ್ಕೆ ನೋಡಿದರೆ ಅಮೆರಿಕದ ಡೆಟ್ರಾಯಿಟ್ ಕಾಣುತ್ತದೆ. "ರಾತ್ರಿ ಮಗು ಎತ್ತಿಕೊಂಡು ಆಚೆ ದಡದ ದೀಪ ತೋರಿಸ್ತಿದ್ದೆ. ಬೇರೆ ದೇಶ ಅಂತ ಅನ್ನಿಸೋದೇ ಇಲ್ಲ, ನಮ್ಮ ಊರಿನ ಇನ್ನೊಂದು ಕೇರಿ ಇದ್ದ ಹಾಗಿದೆ" ಎಂದರು ಅಕ್ಕ. ನಡುವೆ 1929ರಲ್ಲಿ ಕಟ್ಟಿದ ಅಂಬಾಸಡರ್ ಸೇತುವೆ. ಎರಡು ದೇಶಗಳ ನಡುವಿನ ಸರಕು ವ್ಯಾಪಾರದಲ್ಲಿ ಸುಮಾರು ಕಾಲು ಪಾಲು ಈ ಒಂದೇ ಸೇತುವೆಯ ಮೇಲೆ ಹಾದುಹೋಗುತ್ತದೆ. ಹಗಲು ರಾತ್ರಿ ಲಾರಿಗಳ ಸಾಲು ಕರಗುವುದಿಲ್ಲವಂತೆ.

ಅಕ್ಕನ ಅಳಿಯ ಕಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿದ್ದಾರೆ. ಅಲ್ಲಿ ಕಾರು ಹುಟ್ಟುವ ಬಗೆಯನ್ನು ಅವರು ಅತ್ತೆಗೆ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ, ಚಮಚ ಇಟ್ಟು ತೋರಿಸಿದ್ದಾರೆ. ಈಚೆ ಎರಕ ಹೊಯ್ದ ಲೋಹ ಆಚೆಗೆ ಹೋಗಿ ಕಡೆಸಿಕೊಂಡು ಬರುತ್ತದೆ. ಈಚೆ ಇನ್ನೊಂದು ಭಾಗದ ಜೊತೆ ಸೇರಿ ಮತ್ತೆ ಆಚೆಗೆ ಹೋಗುತ್ತದೆ. ಒಂದೊಂದು ಭಾಗ ಕಾರಿನೊಳಗೆ ಕೂರುವ ಮೊದಲು ಆರೇಳು ಸಲ ಗಡಿ ದಾಟಿರುತ್ತದೆ. ಇದು ಒಂದು ದಿನದಲ್ಲಿ ಆದದ್ದಲ್ಲ. 1965ರಲ್ಲಿ ಕೆನಡಾದ ಪ್ರಧಾನಿ ಲೆಸ್ಟರ್ ಪಿಯರ್ಸನ್ ಮತ್ತು ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ವಾಹನ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಎರಡೂ ದಡದ ಕಾರ್ಖಾನೆಗಳು ಒಂದೇ ಮನೆಯ ಎರಡು ಕೋಣೆಗಳಂತೆ ಬೆಳೆದವು. ಅರವತ್ತು ವರ್ಷ ಜನ ಆ ನಂಬಿಕೆಯ ಮೇಲೆ ಮನೆ ಕಟ್ಟಿದ್ದಾರೆ, ಸಾಲ ಮಾಡಿದ್ದಾರೆ, ಮಕ್ಕಳನ್ನು ಓದಿಸಿದ್ದಾರೆ.

ಅಂಥ ಗಡಿಗೆ ಸುಂಕ ಬಂತು. ಫೆಬ್ರವರಿ 1ರಂದು ಅಧ್ಯಕ್ಷ ಟ್ರಂಪ್ ಆದೇಶ ಹೊರಡಿಸಿದರು: ಕೆನಡಾದ ಸರಕಿಗೆಲ್ಲ ಶೇ 25, ಇಂಧನಕ್ಕೆ ಮಾತ್ರ ಶೇ 10. ಕೊಟ್ಟ ಕಾರಣ ಗಡಿ ದಾಟಿ ಬರುವ ಮಾದಕ ವಸ್ತು ಮತ್ತು ವಲಸೆ. ಎರಡೇ ದಿನದಲ್ಲಿ ಒಂದು ತಿಂಗಳ ಮಟ್ಟಿಗೆ ತಡೆ. ಮಾರ್ಚ್ 4ಕ್ಕೆ ಜಾರಿ. ಮತ್ತೆರಡು ದಿನಕ್ಕೆ, ಅಮೆರಿಕ, ಕೆನಡಾ, ಮೆಕ್ಸಿಕೊ ಮೂರು ದೇಶಗಳ ವ್ಯಾಪಾರ ಒಪ್ಪಂದದ ನಿಯಮಕ್ಕೆ ಒಳಪಟ್ಟ ಸರಕಿಗೆ ವಿನಾಯಿತಿ. ಆಮೇಲೆ ಉಕ್ಕು ಮತ್ತು ಅಲ್ಯೂಮಿನಿಯಂಗೆ ಶೇ 25, ಜೂನ್‌ನಲ್ಲಿ ಅದೇ ಶೇ 50. ಏಪ್ರಿಲ್‌ನಲ್ಲಿ ಕಾರುಗಳಿಗೆ ಶೇ 25. ಆಗಸ್ಟ್ 1ಕ್ಕೆ, ಅಕ್ಕ ಪೆಟ್ಟಿಗೆ ಕಟ್ಟುವ ಹೊತ್ತಿಗೆ, ಆ ಮೊದಲ ಶೇ 25 ಏರಿ 35 ಆಗಿತ್ತು.

"ಅಳಿಯ ಬೆಳಿಗ್ಗೆ ಎದ್ದ ಕೂಡಲೇ ಫೋನ್ ನೋಡೋದು. ಇವತ್ತು ಉಂಟಾ ಇಲ್ವಾ ಅಂತ. ಏಪ್ರಿಲಲ್ಲಿ ಎರಡು ವಾರ ಕೆಲಸಕ್ಕೆ ಬರೋದು ಬೇಡ ಅಂದ್ರು. ಹಸುಗೂಸು ಇರೋ ಮನೆ. ಮಗಳು ಏನೂ ಹೇಳ್ತಿರಲಿಲ್ಲ, ಆದ್ರೆ ಊಟದ ಹೊತ್ತಿಗೆ ಇಬ್ರೂ ತಟ್ಟೆ ನೋಡ್ತಾ ಊಟ ಮಾಡೋರು."

ಕಾರ್ಖಾನೆಗೆ ದರ ಜಾಸ್ತಿಯಾದರೆ ಹೇಗೋ ಲೆಕ್ಕ ಹಾಕಿಕೊಳ್ಳುತ್ತದೆ. ನಾಳೆ ದರ ಎಷ್ಟು ಎಂದು ಗೊತ್ತಿಲ್ಲದಿದ್ದರೆ ಲೆಕ್ಕ ಹಾಕುವುದೇ ಆಗುವುದಿಲ್ಲ. ಹಾಗಾದಾಗ ಮೊದಲು ನಿಲ್ಲುವುದು ಕೂಲಿ.

ಅಂಗಡಿಯಲ್ಲಿ ಕಂಡದ್ದನ್ನು ಅಕ್ಕ ಇನ್ನೂ ಕಣ್ಣಿಗೆ ಕಟ್ಟುವಂತೆ ಹೇಳಿದರು. ದಿನಸಿ ಅಂಗಡಿಯ ಕಪಾಟುಗಳಲ್ಲಿ ಕೆನಡಾದ್ದೇ ಆದ ಪದಾರ್ಥದ ಕೆಳಗೆ ಮೇಪಲ್ ಎಲೆಯ ಚಿಕ್ಕ ಚೀಟಿ. ಜನ ಪ್ರತಿಯೊಂದು ಡಬ್ಬಿಯನ್ನೂ ತಿರುಗಿಸಿ, ಕನ್ನಡಕ ಸರಿಮಾಡಿಕೊಂಡು ಹಿಂದಿನ ಸಣ್ಣ ಅಕ್ಷರ ಓದುತ್ತಿದ್ದರಂತೆ. ಒಬ್ಬ ಮುದುಕ ಕಿತ್ತಳೆಯ ಚೀಲ ಎತ್ತಿಕೊಂಡ, ಊರು ಫ್ಲಾರಿಡಾ ಎಂದು ನೋಡಿದ, ಮೆತ್ತಗೆ ವಾಪಸ್ ಇಟ್ಟ, ಪಕ್ಕದ ಮೊರಾಕ್ಕೊ ಕಿತ್ತಳೆ ತೆಗೆದುಕೊಂಡ. ಅವನು ಸಿಟ್ಟಿನಲ್ಲಿ ಎಸೆಯಲಿಲ್ಲ, ಮೆತ್ತಗೆ ಇಟ್ಟ ಎಂಬುದನ್ನು ಅಕ್ಕ ಎರಡು ಸಲ ಹೇಳಿದರು. ಒಂಟಾರಿಯೊ ಪ್ರಾಂತ್ಯದಲ್ಲಿ ಮದ್ಯದ ಅಂಗಡಿ ನಡೆಸುವುದು ಸರ್ಕಾರಿ ಸಂಸ್ಥೆ. ಲೋಕದಲ್ಲೇ ಅತಿ ದೊಡ್ಡ ಮದ್ಯ ಖರೀದಿದಾರರಲ್ಲಿ ಅದೂ ಒಂದು. ಮಾರ್ಚ್ 4ರಂದೇ ಅದು ಅಮೆರಿಕದ ಬಾಟಲಿಗಳನ್ನೆಲ್ಲ ಕಪಾಟಿನಿಂದ ಇಳಿಸಿತು. ಕೆಂಟಕಿಯ ವಿಸ್ಕಿ ಮಾಡುವವರಿಗೆ ಅದರ ಬಿಸಿ ತಟ್ಟಿತು.

"ಅದು ಸರಿ, ಸುಂಕ ಹಾಕಿದ್ದು ಅಮೆರಿಕ. ಕಟ್ಟೋರು ಯಾರು? ಕೆನಡಾದೋರಾ?" ಎಂದು ಅಕ್ಕ ಕೇಳಿದರು. ಆರು ತಿಂಗಳು ಟಿವಿ ನೋಡಿದರೂ ಯಾರೂ ಅದನ್ನು ಬಿಡಿಸಿ ಹೇಳಿರಲಿಲ್ಲ.

ನಾನು ಉಣುಗೋಲಿನ ಮೇಲಿನ ಗಳ ಮುಟ್ಟಿ ತೋರಿಸಿದೆ. "ನೋಡಿ ಅಕ್ಕಾ, ಇದು ನಾನು ಹಾಕಿದ ಸುಂಕದ ಕಟ್ಟೆ ಅಂದುಕೊಳ್ಳಿ. ನಿಮ್ಮ ಬಾಳೆಗೊನೆ ನಾನು ತಗೊಂಡರೆ, ನಿಮಗೆ ನೂರು ರೂಪಾಯಿ ಕೊಡೋದಲ್ದೆ ಇಪ್ಪತ್ತೈದು ರೂಪಾಯಿ ನಮ್ಮ ಯಜಮಾನ್ರ ಕೈಗೆ ಹಾಕಬೇಕು. ಕಟ್ಟೋಳು ನಾನು. ಆ ದುಡ್ಡು ನಮ್ಮ ಮನೆ ಒಳಗೇ ಒಂದು ಕೈಯಿಂದ ಇನ್ನೊಂದು ಕೈಗೆ ಹೋಯ್ತು. ಆದ್ರೆ ಗೊನೆ ತುಟ್ಟಿ ಆಯ್ತು ಅಂತ ನಾನು ಕೊಳ್ಳೋದು ಬಿಟ್ಟರೆ, ಅಥವಾ ದರ ಇಳಿಸಿ ಅಂತ ನಿಮ್ಮನ್ನ ಹಿಂಡಿದರೆ, ಆಗ ನಿಮಗೂ ಪೆಟ್ಟು."

ಅಮೆರಿಕದ ಬಂದರಿನಲ್ಲಿ ಸುಂಕ ತುಂಬುವುದು ಸರಕು ತರಿಸಿಕೊಳ್ಳುವ ಅಮೆರಿಕದ ವ್ಯಾಪಾರಿ. ಅವನು ಅದರಲ್ಲಿ ಒಂದಷ್ಟನ್ನು ಗಿರಾಕಿಯ ತಲೆಗೆ ಕಟ್ಟುತ್ತಾನೆ, ಒಂದಷ್ಟನ್ನು ತಾನೇ ನುಂಗುತ್ತಾನೆ, ಉಳಿದದ್ದಕ್ಕೆ ಆಚೆಯವನನ್ನು ಹಿಂಡುತ್ತಾನೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂದು ನಮ್ಮವರು ಸುಮ್ಮನೆ ಗಾದೆ ಮಾಡಿಲ್ಲ. ಕಟ್ಟೆಯಲ್ಲಿ ಕೂತವನಿಗೆ ಕಾಣುವುದು ಗಾಡಿ. ಗಾಡಿಯ ಹಿಂದಿರುವ ಮನೆ ಕಾಣುವುದಿಲ್ಲ.

ಆದರೆ ಸುಂಕದವನಿಗೂ ತನ್ನ ಹೊಟ್ಟೆಯ ಚಿಂತೆ ಇರುತ್ತದೆ. ಅಕ್ಕನ ಕೊಟ್ಟಿಗೆ ಜಗಲಿಯಲ್ಲಿ ಪೊಟ್ಯಾಷ್ ಗೊಬ್ಬರದ ಚೀಲ ಒರಗಿಸಿಟ್ಟಿತ್ತು. ಅದನ್ನೇ ತೋರಿಸಿದೆ. ಭಾರತಕ್ಕೆ ಬೇಕಾದ ಪೊಟ್ಯಾಷ್ ಹೆಚ್ಚುಕಡಿಮೆ ಎಲ್ಲವೂ ಹೊರಗಿನಿಂದಲೇ ಬರಬೇಕು, ಕೊಡುವ ದೇಶಗಳಲ್ಲಿ ಕೆನಡಾವೂ ಒಂದು. ಅಲ್ಲಿನ ಸಸ್ಕಾಚೆವಾನ್ ಪ್ರಾಂತ್ಯದ ನೆಲದಡಿಯಿಂದ ಅದನ್ನು ತೆಗೆಯುತ್ತಾರೆ. ಅಮೆರಿಕ ಆಮದು ಮಾಡಿಕೊಳ್ಳುವ ಪೊಟ್ಯಾಷ್‌ನಲ್ಲಿ ಸುಮಾರು ಶೇ 80 ಬರುವುದು ಕೆನಡಾದಿಂದ. ಅಮೆರಿಕದ ಜೋಳದ ರೈತ ಬಿತ್ತನೆಗೆ ಮುಂಚೆ ಗೊಬ್ಬರ ತುಟ್ಟಿಯಾದರೆ ಸುಮ್ಮನಿರುತ್ತಾನೆಯೇ? ಮಾರ್ಚ್ ಮೊದಲ ವಾರವೇ ಪೊಟ್ಯಾಷ್ ಮೇಲಿನ ಸುಂಕ ಶೇ 25ರಿಂದ 10ಕ್ಕೆ ಇಳಿಯಿತು.

"ಹಾಗಾದ್ರೆ ಲೆಕ್ಕ ಗೊತ್ತಿದ್ದೇ ಮಾಡ್ತಾರೆ" ಎಂದರು ಅಕ್ಕ.

ಲೆಕ್ಕ ಗೊತ್ತು. ಲೆಕ್ಕಕ್ಕೆ ಸಿಕ್ಕದೆ ಇರುವುದು ಮಾನ. ನನಗೆ ಈ ಎರಡು ದೇಶಗಳ ಚರಿತ್ರೆ ಓದಿದಾಗಲೆಲ್ಲ ಅನ್ನಿಸುವುದು ಇದೇ. ಸುಂಕ ಜೇಬಿಗೆ ಕೈ ಹಾಕಿದಷ್ಟು ದಿನ ಜನ ಗೊಣಗುತ್ತಾರೆ. ಅದು ಮಾನಕ್ಕೆ ಕೈ ಹಾಕಿದ ದಿನ ಚುನಾವಣೆಗಳ ದಿಕ್ಕೇ ಬದಲಾಗುತ್ತದೆ.

1911ರ ಕಥೆ ಅಕ್ಕನಿಗೆ ಹೇಳಿದೆ. ಹದಿನೈದು ವರ್ಷ ಪ್ರಧಾನಿಯಾಗಿದ್ದ ವಿಲ್ಫ್ರಿಡ್ ಲಾರಿಯೆ ಅಮೆರಿಕದ ಜೊತೆ ಸುಂಕ ಇಳಿಸುವ ಒಪ್ಪಂದ ತಂದರು. ರೈತರಿಗೆ ಅದರಿಂದ ಲಾಭವಿತ್ತು. ಅಷ್ಟರಲ್ಲಿ ಅಮೆರಿಕದ ಸಂಸತ್ತಿನ ದೊಡ್ಡ ನಾಯಕ ಚಾಂಪ್ ಕ್ಲಾರ್ಕ್, ಉತ್ತರ ಧ್ರುವದವರೆಗಿನ ನೆಲದ ಮೇಲೆಲ್ಲ ಅಮೆರಿಕದ ಬಾವುಟ ಹಾರುವುದನ್ನು ನೋಡುವ ಆಸೆ ತನಗಿದೆ ಎಂಬರ್ಥದ ಮಾತಾಡಿಬಿಟ್ಟರು. ಲಾಭದ ಲೆಕ್ಕ ಅಲ್ಲಿಗೇ ನಿಂತಿತು. ಸೆಪ್ಟೆಂಬರ್ 21ರ ಚುನಾವಣೆಯಲ್ಲಿ ಲಾರಿಯೆ ಸೋತರು, ಒಪ್ಪಂದ ಸತ್ತಿತು.

1930ರದ್ದು ಇನ್ನೂ ಕಹಿ. ಸೆನೆಟರ್ ಸ್ಮೂಟ್ ಮತ್ತು ಸಂಸದ ಹಾಲೆ ಹೆಸರಿನ ಸುಂಕದ ಕಾನೂನಿಗೆ ಸಹಿ ಹಾಕಬೇಡಿ ಎಂದು ಸಾವಿರಕ್ಕೂ ಹೆಚ್ಚು ಅರ್ಥಶಾಸ್ತ್ರಜ್ಞರು ಅಧ್ಯಕ್ಷ ಹೂವರ್‌ಗೆ ಬರೆದುಕೊಂಡರು. ಜೂನ್ 17ಕ್ಕೆ ಸಹಿ ಬಿತ್ತು. ಅದರಲ್ಲಿ ಮೊಟ್ಟೆಯದೂ ಒಂದು ಸಾಲು: ಡಜನ್‌ಗೆ 8 ಸೆಂಟ್ ಇದ್ದದ್ದು 10 ಸೆಂಟ್. ಎರಡೇ ಸೆಂಟ್ ಏರಿಕೆ. ಕೆನಡಾ ತನ್ನ 3 ಸೆಂಟ್ ಸುಂಕವನ್ನು 10 ಸೆಂಟ್‌ಗೆ ಏರಿಸಿತು. 1929ರಲ್ಲಿ ಅಮೆರಿಕದಿಂದ ಕೆನಡಾಕ್ಕೆ 9 ಲಕ್ಷ ಡಜನ್‌ಗಿಂತ ಹೆಚ್ಚು ಮೊಟ್ಟೆ ಹೋಗಿತ್ತು. 1932ರಲ್ಲಿ ಹೋದದ್ದು 14 ಸಾವಿರ ಡಜನ್‌ಗೂ ಕಡಿಮೆ. ಕೋಳಿ ಸಾಕಿದವರನ್ನು ಕಾಯಲು ಹೊರಟ ಕಾನೂನು ಅವರ ಸಂತೆಯನ್ನೇ ಮುಚ್ಚಿಸಿತು. ಸಹಿ ಬಿದ್ದ ಮರುತಿಂಗಳೇ, 1930ರ ಜುಲೈನಲ್ಲಿ, ನಡೆದ ಚುನಾವಣೆಯಲ್ಲಿ ಕೆನಡಾದ ಜನ ಮೆಕೆಂಜಿ ಕಿಂಗ್ ಅವರನ್ನು ಇಳಿಸಿ, ಸುಂಕಕ್ಕೆ ಸುಂಕದಿಂದಲೇ ಉತ್ತರ ಕೊಡುತ್ತೇನೆ ಎಂದ ಆರ್. ಬಿ. ಬೆನೆಟ್ ಅವರನ್ನು ಕೂರಿಸಿದರು. ಮುರಿದದ್ದನ್ನು ಹೊಲಿಯುವ ಒಪ್ಪಂದ ಆಗಲು 1935ರ ತನಕ ಕಾಯಬೇಕಾಯಿತು.

"ಈ ಸಲವೂ ಹಾಗೇ ಆಯ್ತಲ್ಲ" ಎಂದರು ಅಕ್ಕ. ಹೌದು, ಹಾಗೇ ಆಯಿತು. ಜನವರಿಯಲ್ಲಿ ಪ್ರಧಾನಿ ಜಸ್ಟಿನ್ ಟ್ರುಡೊ ರಾಜೀನಾಮೆ ಘೋಷಿಸಿದಾಗ ಅವರ ಲಿಬರಲ್ ಪಕ್ಷ ಸಮೀಕ್ಷೆಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಅಂಶ ಹಿಂದಿತ್ತು. ಅಷ್ಟರಲ್ಲಿ ಸುಂಕದ ಜೊತೆಗೆ, ಕೆನಡಾ ಅಮೆರಿಕದ 51ನೇ ರಾಜ್ಯವಾಗಲಿ ಎಂಬ ಮಾತೂ ಶ್ವೇತಭವನದಿಂದ ಮತ್ತೆ ಮತ್ತೆ ಬಂತು. 1911ರ ಬಾವುಟದ ಮಾತೇ ಹೊಸ ಬಟ್ಟೆ ಹಾಕಿಕೊಂಡು ಬಂದಂತೆ. ಬ್ಯಾಂಕುಗಳ ಲೋಕದಿಂದ ಬಂದ ಮಾರ್ಕ್ ಕಾರ್ನಿ ಮಾರ್ಚ್ 14ರಂದು ಪ್ರಧಾನಿಯಾದರು. ಏಪ್ರಿಲ್ 28ರ ಚುನಾವಣೆಯಲ್ಲಿ 343 ಸ್ಥಾನಗಳಲ್ಲಿ 169 ಗೆದ್ದು, ಬಹುಮತಕ್ಕೆ ಮೂರೇ ಕಡಿಮೆಯಾಗಿ, ಸರ್ಕಾರ ಉಳಿಸಿಕೊಂಡರು. ಗೆದ್ದೇ ಗೆಲ್ಲುತ್ತಾರೆ ಎಂದಿದ್ದ ಪ್ರತಿಪಕ್ಷದ ನಾಯಕ ಪಿಯರ್ ಪೊಲಿಯೆವ್ ತಮ್ಮ ಸ್ವಂತ ಕ್ಷೇತ್ರವನ್ನೇ ಕಳೆದುಕೊಂಡರು.

ಆ ದಿನಗಳಲ್ಲಿ ಬೀದಿಬೀದಿಯಲ್ಲಿ ಜನರ ಬಾಯಲ್ಲಿದ್ದ ಘೋಷಣೆ "ಮೊಣಕೈ ಮೇಲೆತ್ತಿ". ಅದು ಐಸ್ ಹಾಕಿ ಆಟದ ಮಾತು. ಎದುರಾಳಿ ಮೈಮೇಲೆ ಬಿದ್ದಾಗ ಮೊಣಕೈ ಎತ್ತಿ ತಡೆಯುವುದಕ್ಕೆ ಹೆಸರಾದ ಆಟಗಾರ ಗಾರ್ಡಿ ಹೌ. ಹುಟ್ಟಿದ್ದು ಸಸ್ಕಾಚೆವಾನ್‌ನಲ್ಲಿ, ಆಟದ ಬಾಳಿನ ಬಹುಕಾಲ, ಇಪ್ಪತ್ತೈದು ಋತು, ಆಡಿದ್ದು ಡೆಟ್ರಾಯಿಟ್ ತಂಡಕ್ಕೆ. ಎರಡೂ ದಡದವರು ನಮ್ಮವನು ಎನ್ನುವ ಮನುಷ್ಯ. ಅದಕ್ಕೇ ಹಳೆ ಸೇತುವೆಯ ಸನಿಹದಲ್ಲಿ ಕೆನಡಾ ತನ್ನ ಖರ್ಚಿನಲ್ಲಿ ಕಟ್ಟಿಸಿದ ಹೊಸ ಸೇತುವೆಗೆ ಅವನದೇ ಹೆಸರಿಟ್ಟಿದ್ದಾರೆ. ಒಂದೇ ಹೆಸರು ಸೇತುವೆಗೂ ಆಯಿತು, ತಡೆಯುವ ಮೊಣಕೈಗೂ ಆಯಿತು. ಅಕ್ಕ ತಳ್ಳುಗಾಡಿಯಲ್ಲಿ ಮಗು ಮಲಗಿಸಿಕೊಂಡು ಆ ಸೇತುವೆಯ ಎತ್ತರದ ಕಂಬಗಳನ್ನು ನೋಡಲು ಹೋಗುತ್ತಿದ್ದರಂತೆ.

ಇಷ್ಟು ಹೇಳಿದ ಮೇಲೆ ನಮ್ಮ ಮನೆಯ ಮಾತೂ ಬರಲೇಬೇಕಿತ್ತು. ಅದನ್ನು ಎತ್ತಿದ್ದು ಅಕ್ಕನೇ.

"ಅಲ್ಲ ಕಣೇ, ಭೂತಾನದ ಅಡಿಕೆ ಬರಬಾರದು ಅಂತ ನಾವೂ ಕೂಗಿದ್ವಲ್ಲ. ಅದು ಬೇರೆ, ಇದು ಬೇರೆ ಹೇಗೆ?"

ಪ್ರಶ್ನೆ ನೇರವಾಗಿತ್ತು. 2022ರಲ್ಲಿ ಭೂತಾನದಿಂದ ವರ್ಷಕ್ಕೆ 17 ಸಾವಿರ ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ತರಿಸಿಕೊಳ್ಳಲು ಕೇಂದ್ರ ಅನುಮತಿ ಕೊಟ್ಟಾಗ ಮಲೆನಾಡು, ಕರಾವಳಿಯ ಬೆಳೆಗಾರರೆಲ್ಲ ಎದ್ದು ನಿಂತಿದ್ದರು. 2023ರ ಫೆಬ್ರವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆ ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿದಾಗ ನಾವು ಉಸಿರುಬಿಟ್ಟೆವು. ಆ ಬೇಲಿ ನನಗೂ ಬೇಕು, ಅಕ್ಕನಿಗೂ ಬೇಕು. ಕೆನಡಾದವರೂ ಬೇಲಿ ಇಲ್ಲದ ಸಾಧುಗಳಲ್ಲ. ತಮ್ಮ ಹೈನುಗಾರರನ್ನು ಕಾಯಲು, ನಿಗದಿ ಮಾಡಿದ ಪ್ರಮಾಣ ಮೀರಿ ಬರುವ ಬೆಣ್ಣೆಗೆ ಶೇ 298ರಷ್ಟು, ಚೀಸ್‌ಗೆ ಶೇ 245ರಷ್ಟು ಸುಂಕ ಇಟ್ಟಿದ್ದಾರೆ. ಅಮೆರಿಕದ ಹಾಲಿನ ರೈತರಿಗೆ ಅದರ ಮೇಲೆ ಹಳೆಯ ಸಿಟ್ಟಿದೆ, ಅದರಲ್ಲಿ ನ್ಯಾಯವೂ ಇದೆ. ಕಟ್ಟಡದ ಮರದ ಮೇಲಿನ ಇವರಿಬ್ಬರ ತಕರಾರು 1980ರ ದಶಕದಿಂದ ನಡೆಯುತ್ತಲೇ ಇದೆ.

ಆದರೂ ವ್ಯತ್ಯಾಸ ಇದೆ ಅಂತಲೇ ನಾನು ಹೇಳುತ್ತೇನೆ. ಬೇಲಿ ಎಲ್ಲಿದೆ, ಉಣುಗೋಲಿಗೆ ಎಷ್ಟು ಗಳ ಎಂದು ಇಬ್ಬರಿಗೂ ಗೊತ್ತಿರಬೇಕು. ಬದಲಿಸುವುದಾದರೆ ಕೂತು ಮಾತಾಡಿ ಬದಲಿಸಬೇಕು. ಬೆಣ್ಣೆಯ ಸುಂಕ ಒಪ್ಪಂದದ ಪುಸ್ತಕದಲ್ಲೇ ಬರೆದದ್ದು, ಕಂಡು ಒಪ್ಪಿದ್ದು. 2025ರಲ್ಲಿ ಆದದ್ದು ಅದಲ್ಲ. 2018ರ ನವೆಂಬರ್‌ನಲ್ಲಿ ಇದೇ ಟ್ರಂಪ್ ಅವರೇ ಸಹಿ ಹಾಕಿ, 2020ರ ಜುಲೈ 1ರಿಂದ ನಡೆಯುತ್ತಿದ್ದ ಆ ಮೂರು ದೇಶಗಳ ಒಪ್ಪಂದ ಕಪಾಟಿನಲ್ಲಿರುವಾಗಲೇ, ಸಂಬಂಧವಿಲ್ಲದ ಕಾರಣ ಕೊಟ್ಟು ರಾತ್ರೋರಾತ್ರಿ ಗಳ ಹಾಕುವುದು, ಬೆಳಿಗ್ಗೆ ತೆಗೆಯುವುದು, ಮಧ್ಯಾಹ್ನ ಮತ್ತೆ ಹಾಕುವುದು. ಹೀಗಾದರೆ ಆಚೆಯವನು ಉಣುಗೋಲಿನ ಕಡೆ ಬರುವುದನ್ನೇ ಬಿಡುತ್ತಾನೆ.

ಉತ್ತರ ಕೊಡುವುದರಲ್ಲೂ ಎರಡು ಬಗೆ ಕಂಡವು. ಮಾರ್ಚ್ 10ರಂದು ಒಂಟಾರಿಯೊದ ಮುಖ್ಯಸ್ಥ ಡಗ್ ಫೋರ್ಡ್ ಅಮೆರಿಕದ ಮಿಷಿಗನ್, ಮಿನೆಸೋಟ, ನ್ಯೂಯಾರ್ಕ್ ರಾಜ್ಯಗಳಿಗೆ ಹೋಗುವ ವಿದ್ಯುತ್ತಿಗೆ ಶೇ 25 ಹೆಚ್ಚುವರಿ ದರ ಹಾಕಿದರು. ಮರುದಿನವೇ ಅಮೆರಿಕ ಉಕ್ಕಿನ ಸುಂಕ ದುಪ್ಪಟ್ಟು ಮಾಡುತ್ತೇನೆ ಎಂದಿತು, ಫೋರ್ಡ್ ಹಿಂತೆಗೆದರು. ಒಂದು ದಿನದ ಆ ಕಾವಿನಿಂದ ಯಾರ ಮನೆಯೂ ಬೆಚ್ಚಗಾಗಲಿಲ್ಲ. ಇನ್ನೊಂದು ಉತ್ತರ ನಿಧಾನದ್ದು. ಕೆನಡಾದ ಪ್ರಾಂತ್ಯಗಳು ತಮ್ಮತಮ್ಮಲ್ಲೇ ಎಷ್ಟೋ ಅಡ್ಡಗೋಡೆ ಇಟ್ಟುಕೊಂಡಿದ್ದವು. ಒಂದು ಪ್ರಾಂತ್ಯದ ವೈನ್ ಪಕ್ಕದ ಪ್ರಾಂತ್ಯದ ಅಂಗಡಿ ತಲುಪುವುದೇ ಕಷ್ಟವಿತ್ತು. ಅಂಥ ಅಡ್ಡಿಗಳಲ್ಲಿ ಕೇಂದ್ರದ ಕೈಯಲ್ಲಿರುವುದನ್ನು ತೆಗೆಯಲು ಜೂನ್‌ನಲ್ಲಿ ಒಂದು ಕಾನೂನು ಬಂತು. ನೆರೆಯವನು ಬಾಗಿಲು ಹಾಕಿದಾಗ ನಮ್ಮ ಮನೆಯೊಳಗಿನ ಬಾಗಿಲುಗಳನ್ನಾದರೂ ತೆರೆಯೋಣ ಎಂಬುದು. ನನಗೆ ಹಿಡಿಸಿದ್ದು ಇದು. ಮೊಣಕೈ ಎತ್ತಿದವನಿಗೆ ಒಂದು ದಿನ ಕೈ ನೋಯುತ್ತದೆ. ಮನೆ ಗಟ್ಟಿ ಮಾಡಿಕೊಂಡವನಿಗೆ ಆ ನೋವಿಲ್ಲ.

ಮೋಡ ಮತ್ತೆ ಕಟ್ಟಿತು. ಅಕ್ಕ ಹೋಗುವ ಮುಂಚೆ ಇನ್ನೊಂದು ಸಂಗತಿ ಹೇಳಿದರು. ಮಗಳ ಮನೆಯ ಪಕ್ಕ ಒಬ್ಬಳು ಅಜ್ಜಿ. ಹಲಗೆ ಬೇಲಿಯ ಆಚೆಯಿಂದ ಮಗುವನ್ನು ನೋಡಲು ದಿನಾ ಬರುತ್ತಿದ್ದಳು. ಅವಳ ತಂಗಿ ಮದುವೆಯಾಗಿ ಹೋದದ್ದು ಡೆಟ್ರಾಯಿಟ್‌ಗೆ. ನಲವತ್ತು ವರ್ಷದಿಂದ ಭಾನುವಾರದ ಊಟ ತಂಗಿಯ ಮನೆಯಲ್ಲಿ. ನದಿಯ ಅಡಿಯ ಸುರಂಗದಲ್ಲಿ ಹೋದರೆ ಅರ್ಧ ಗಂಟೆಯ ದಾರಿ. ಮಾರ್ಚ್‌ನಿಂದ ಹೋಗುವುದು ನಿಲ್ಲಿಸಿದ್ದಾಳೆ. ಅವಳೊಬ್ಬಳೇ ಅಲ್ಲ. ಆ ಬೇಸಿಗೆ, ಕಾರಿನಲ್ಲಿ ಅಮೆರಿಕಕ್ಕೆ ಹೋಗಿ ಬರುವ ಕೆನಡಾದವರ ಸಂಖ್ಯೆ ಹಿಂದಿನ ವರ್ಷಕ್ಕಿಂತ ಮೂರನೇ ಒಂದು ಪಾಲು ಕಡಿಮೆಯಾದ ತಿಂಗಳೂ ಇತ್ತು. ಈಗ ಭಾನುವಾರ ತಂಗಿಯೇ ಈಚೆ ಬರುತ್ತಾಳಂತೆ, ಮಗುವಿಗೆ ಒಂದು ಉಣ್ಣೆ ಟೊಪ್ಪಿ ಹೆಣೆದು ತಂದುಕೊಟ್ಟಳಂತೆ.

"ಹೊರಡೋ ಹಿಂದಿನ ದಿನ ಮಗಳ ಕೈಲಿ ಕೇಳಿಸಿದೆ. ಸುಂಕ ತೆಗೆದ್ರೆ ಮತ್ತೆ ತಂಗಿ ಮನೆ ಊಟಕ್ಕೆ ಹೋಗ್ತೀರಾ ಅಂತ."

"ಏನಂದರು?"

ಅಕ್ಕ ಸರಿಸಿದ್ದ ಗಳವನ್ನು ಮತ್ತೆ ತೂತಿಗೆ ಸೇರಿಸಿದರು. ಮೊದಲ ಹನಿಗಳು ದಾಸವಾಳದ ಎಲೆಯ ಮೇಲೆ ಬೀಳುತ್ತಿದ್ದವು.

"ಬಹಳ ಹೊತ್ತು ನದಿ ಕಡೆ ನೋಡ್ತಾ ಇದ್ದಳು. ಆಮೇಲೆ, ನೋಡೋಣ ಅಂದಳು."